ಮುನ್ನೂರು ಸರದಿಗಳ ಬಕಧ್ಯಾನ

ಸರದಿಯ ಮೇಲೆ ಸರದಿ ಆಡುತ್ತ ಒಂದು ಸಾಮ್ರಾಜ್ಯವನ್ನು ಕಟ್ಟಿ ಬೆಳೆಸುವ ಸಿವಿಲೈಜೇಶನ್ ಎಂಬ ಕಂಪ್ಯೂಟರ್ ಆಟಗಳ ಸರಣಿಯ ಐದನೆಯ ಆಟ ಬಂದದ್ದು 2010ರಲ್ಲಿ; ಅದಕ್ಕೆ ಪೂರ್ಣರೂಪ ಕೊಟ್ಟ ಬ್ರೇವ್ ನ್ಯೂ ವರ್ಲ್ಡ್ ಎಂಬ ವಿಸ್ತರಣೆ 2013ರಲ್ಲಿ. ಆಮೇಲೆ ಆರನೆಯದೂ ಏಳನೆಯದೂ ಬಂದಿವೆ, ಆದರೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಏದುಸಿರು ಬಿಡದೆ ಓಡುವುದು ಐದನೆಯದೇ, ಮತ್ತು ನಿಜ ಹೇಳಬೇಕೆಂದರೆ ನನಗೆ ಇಷ್ಟವಾದದ್ದೂ ಅದೇ. ಈ ಬೇಸಿಗೆಯಲ್ಲಿ ನಾನು ಅದರಲ್ಲಿ ಒಂದು ವ್ರತ ಹಿಡಿದೆ. ಕ್ರಿಸ್ತಪೂರ್ವ 4000ದಲ್ಲಿ ಮೊದಲ ನಗರಕ್ಕೆ ಗುದ್ದಲಿಪೂಜೆ ಮಾಡಿದಂದಿನಿಂದ ಅಣುಬಾಂಬು ಕೈಗೆ ಬರುವವರೆಗೆ ಯಾರ ಮೇಲೂ ನಾನಾಗಿ ಯುದ್ಧ ಸಾರಕೂಡದು, ಯಾರ ಒಂದು ಊರನ್ನೂ ಕಸಿದುಕೊಳ್ಳಕೂಡದು. ಬಾಂಬು ಬಂದ ಮೇಲೆ ಮಾತ್ರ ಉಳಿದ ಎಲ್ಲ ರಾಜರ ಮೂಲ ರಾಜಧಾನಿಗಳನ್ನು ಹಿಡಿದು ಆಧಿಪತ್ಯದ ಗೆಲುವನ್ನು ಪಡೆಯಬೇಕು. ಮೊದಲ ಪ್ರಯತ್ನ ಹಾಸ್ಯಾಸ್ಪದವಾಗಿ ಕೆಟ್ಟಿತು, ಎರಡನೆಯದು ಕೈಗೂಡಿತು. ಎರಡರ ನಡುವಿನ ವ್ಯತ್ಯಾಸ ಯುದ್ಧದ ಹತ್ತಿಪ್ಪತ್ತು ಸರದಿಗಳಲ್ಲಿ ಇರಲಿಲ್ಲ, ಅದಕ್ಕೆ ಹಿಂದಿನ ಇನ್ನೂರೈವತ್ತು ಶಾಂತ ಸರದಿಗಳಲ್ಲಿ ಇತ್ತು ಎಂಬುದನ್ನು ಬರೆದಿಡಬೇಕೆನಿಸಿದೆ.

ಆಡಲು ಆರಿಸಿಕೊಂಡದ್ದು ಭಾರತವನ್ನು, ಅಂದರೆ ಈ ಆಟದಲ್ಲಿ ಗಾಂಧಿಯನ್ನು. ಇದನ್ನು ಕೇಳಿದರೆ ಈ ಆಟದ ಹಳಬರು ನಗುತ್ತಾರೆ, ಏಕೆಂದರೆ ಗಾಂಧಿ ಮತ್ತು ಅಣುಬಾಂಬು ಎಂಬುದು ಇಲ್ಲಿನ ಅತ್ಯಂತ ಹಳೆಯ ನಗೆಹನಿ. 1991ರ ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣಶೀಲತೆಗೆ 1 ಎಂಬ ಕನಿಷ್ಠ ಅಂಕಿ ಇತ್ತಂತೆ, ಪ್ರಜಾಪ್ರಭುತ್ವಕ್ಕೆ ಬಂದಾಗ ಅದರಿಂದ 2 ಕಳೆಯಲು ಹೋಗಿ ಲೆಕ್ಕ ಬುಡಮೇಲಾಗಿ 255ಕ್ಕೆ ಹಾರುತ್ತಿತ್ತಂತೆ ಎಂಬ ಕಥೆಯನ್ನು ನಾನೂ ಬಹಳ ವರ್ಷ ನಂಬಿದ್ದೆ. ಆದರೆ 2020ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಆಟದ ಜನಕ ಸಿಡ್ ಮೇಯರ್ ಅವರೇ ಅಂಥ ದೋಷ ಇರಲಿಲ್ಲ ಎಂದು ಹೇಳಿಬಿಟ್ಟರು. ತಮಾಷೆಯೆಂದರೆ, ಸುಳ್ಳಾಗಿದ್ದ ಆ ಕಥೆಯನ್ನು ಐದನೆಯ ಆಟ ನಿಜ ಮಾಡಿತು: ಸಾಮಾನ್ಯವಾಗಿ ಹತ್ತರೊಳಗೆ ಅಳೆಯುವ ಅಣ್ವಸ್ತ್ರದ ಒಲವಿಗೆ ಗಾಂಧಿಯ ಪಾಲಿಗೆ ಬೇಕೆಂದೇ 12 ಎಂಬ ಅಂಕಿ ಇಡಲಾಯಿತು. ಕಂಪ್ಯೂಟರ್ ಆಡಿಸುವ ಗಾಂಧಿಗೆ ಮಾತ್ರ ಈ ಅಂಕಿ ಅನ್ವಯ. ನಾನು ಆಡಿಸುವ ಗಾಂಧಿಯ ಒಲವು ನನ್ನದೇ. ಆದರೂ ಈ ವ್ರತಕ್ಕೆ ಇನ್ನೊಬ್ಬ ನಾಯಕ ಒಪ್ಪುತ್ತಿರಲಿಲ್ಲ ಎನ್ನಿಸಿದ್ದು ಸುಳ್ಳಲ್ಲ.

ನಗೆ ಪಕ್ಕಕ್ಕಿರಲಿ, ಭಾರತವನ್ನು ಆರಿಸಿಕೊಳ್ಳಲು ಗಟ್ಟಿಯಾದ ಲೆಕ್ಕವೂ ಇದೆ. ಈ ಆಟದಲ್ಲಿ ಪ್ರತಿಯೊಂದು ನಗರವೂ ಸಾಮ್ರಾಜ್ಯಕ್ಕೆ 3 ಅಂಕ ಅಸಂತೋಷ ತರುತ್ತದೆ, ಪ್ರತಿಯೊಬ್ಬ ನಾಗರಿಕನೂ 1 ಅಂಕ ತರುತ್ತಾನೆ. ಭಾರತದ ವಿಶೇಷ ಗುಣ ಈ ತಕ್ಕಡಿಯನ್ನು ತಿರುಗಿಸುತ್ತದೆ: ನಗರಕ್ಕೆ 6, ನಾಗರಿಕನಿಗೆ ಅರ್ಧ. ಹಾಗಾಗಿ ಒಂದು ಊರಿನ ಜನಸಂಖ್ಯೆ ಆರು ದಾಟಿದೊಡನೆ ಭಾರತಕ್ಕೆ ಲಾಭ ಶುರುವಾಗುತ್ತದೆ. ನಾಲ್ಕು ನಗರಗಳಲ್ಲಿ ಒಟ್ಟು 80 ಜನ ಇದ್ದರೆ ಬೇರೆಯವರು 92 ಅಂಕದ ಅಸಂತೋಷವನ್ನು ಹೊರಬೇಕಾದಲ್ಲಿ ಭಾರತ ಹೊರುವುದು 64ನ್ನು ಮಾತ್ರ. ನಗರ ಕಡಿಮೆ, ನಗರದೊಳಗೆ ಜನ ಹೆಚ್ಚು. ಜನ ಹೆಚ್ಚಾದಷ್ಟೂ ವಿಜ್ಞಾನ ಹೆಚ್ಚು. ವಿಜ್ಞಾನ ಹೆಚ್ಚಾದಷ್ಟೂ ಬಾಂಬು ಹತ್ತಿರ. ಆದರೆ ಇದೇ ಗುಣ ಕೊನೆಯಲ್ಲಿ ಕತ್ತಿಯಂತೆ ನಮ್ಮತ್ತಲೇ ತಿರುಗುತ್ತದೆ, ಏಕೆಂದರೆ ಗೆದ್ದ ಪ್ರತಿಯೊಂದು ಊರಿಗೂ 6 ಅಂಕದ ದಂಡ ತೆರಬೇಕು. ಆ ಮಾತು ಮುಂದೆ ಬರುತ್ತದೆ.

ಭೂಪಟ ಒಂದೇ ಖಂಡದ್ದು, ಗಾತ್ರ ಸಣ್ಣದು, ನನ್ನನ್ನೂ ಸೇರಿಸಿ ಆರು ರಾಜರು. ಕಷ್ಟದ ಮಟ್ಟ ಎಂಪರರ್, ಅಂದರೆ ಸಾಕಷ್ಟು ಕಠಿಣ. ಉಳಿದ ಐವರು ಯಾರೆಂದು ನಿಧಾನವಾಗಿ ತಿಳಿಯಿತು: ಪೂರ್ವದಲ್ಲಿ ಮೊಂಟೆಜುಮಾ, ಉತ್ತರದಲ್ಲಿ ಅಲೆಕ್ಸಾಂಡರ್, ಅವನಾಚೆ ಆಸ್ಟ್ರಿಯಾದ ಮರಿಯಾ ತೆರೇಸಾ, ಪಶ್ಚಿಮದಲ್ಲಿ ಕೊರಿಯಾದ ಸೆಜೊಂಗ್, ದೂರದ ದಕ್ಷಿಣ ಕರಾವಳಿಯಲ್ಲಿ ಬ್ರೆಜಿಲಿನ ಪೆಡ್ರೊ. ನನ್ನ ನಾಲ್ಕು ನಗರಗಳು ಆಟದ ಪಟ್ಟಿಯ ಕ್ರಮದಲ್ಲಿಯೇ ದೆಹಲಿ, ಮುಂಬೈ, ವಿಜಯನಗರ, ಪಾಟಲಿಪುತ್ರ. ಬೆಂಗಳೂರೂ ಆ ಪಟ್ಟಿಯಲ್ಲಿದೆ, ಆದರೆ ಅದು ಕೆಳಗಿರುವುದರಿಂದ ನಾಲ್ಕಕ್ಕೇ ನಿಲ್ಲುವ ನನ್ನಂಥವನಿಗೆ ಎಂದೂ ಸಿಗುವುದಿಲ್ಲ. ವಿಜಯನಗರವನ್ನು ಮಾತ್ರ ನಾನು ಎಲ್ಲ ಆಟದಲ್ಲೂ ಮುತುವರ್ಜಿಯಿಂದ, ನದಿ ಮತ್ತು ಬೆಟ್ಟ ಎರಡೂ ಇರುವ ಜಾಗ ಹುಡುಕಿ ಕಟ್ಟುತ್ತೇನೆ. ಅದಕ್ಕೆ ತಂತ್ರದ ಕಾರಣವೂ ಇದೆ ಎಂದು ನನ್ನನ್ನು ನಾನೇ ನಂಬಿಸಿಕೊಳ್ಳುತ್ತೇನೆ.

ಮೊದಲ ನೂರು ಸರದಿಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅದು ಬಹುಮಟ್ಟಿಗೆ ಸವೆದ ದಾರಿ. ಟ್ರೆಡಿಶನ್ ಎಂಬ ನೀತಿಯ ಕವಲನ್ನು ಪೂರ್ತಿ ಮುಗಿಸಿದರೆ ಮೊದಲ ನಾಲ್ಕು ನಗರಗಳಿಗೆ ಜಲನಾಳೆ ಪುಕ್ಕಟೆಯಾಗಿ ಬರುತ್ತದೆ, ಬೆಳವಣಿಗೆ ನೂರಕ್ಕೆ 15ರಷ್ಟು ಏರುತ್ತದೆ. ಎಲ್ಲ ನಗರಗಳಲ್ಲೂ ಗ್ರಂಥಾಲಯ ಎದ್ದ ಮೇಲೆ ರಾಷ್ಟ್ರೀಯ ವಿದ್ಯಾಲಯ ಕಟ್ಟಬಹುದು, ಅದರಿಂದ ರಾಜಧಾನಿಯ ವಿಜ್ಞಾನ ಒಂದೂವರೆಪಟ್ಟಾಗುತ್ತದೆ. ನನ್ನದು 98ನೆಯ ಸರದಿಯಲ್ಲಿ ಮುಗಿಯಿತು. ಪಳಗಿದ ಕೈಗಳು ಇದಕ್ಕಿಂತ ಬಹಳ ಬೇಗ ಮುಗಿಸುತ್ತಾರೆಂದು ಗೊತ್ತು, ನನ್ನ ಕೈ ಅಷ್ಟು ಪಳಗಿಲ್ಲ.

ಹೇಳಬೇಕಾದದ್ದು ಶಾಂತಿಯ ಖರ್ಚಿನ ಬಗ್ಗೆ. ಯುದ್ಧ ಮಾಡುವುದಿಲ್ಲ ಎಂದು ನಾವು ನಿಶ್ಚಯಿಸಿದ ಮಾತ್ರಕ್ಕೆ ಎದುರಿನವರು ಸುಮ್ಮನಿರುವುದಿಲ್ಲ. ಕಂಪ್ಯೂಟರಿನ ರಾಜರು ನೆರೆಯವನ ಸೈನ್ಯಬಲವನ್ನು ಸದಾ ತೂಗುತ್ತಿರುತ್ತಾರೆ, ತೂಕ ಕಡಿಮೆ ಕಂಡರೆ ನಗುಮುಖದಿಂದಲೇ ಗಡಿಗೆ ಸೈನ್ಯ ತರುತ್ತಾರೆ. ಮೊದಲ ಪ್ರಯತ್ನದಲ್ಲಿ ನಾನು ಶಾಂತಿ ಎಂದರೆ ಸೈನ್ಯವೇ ಬೇಡವೆಂದು ತಿಳಿದು, 70ನೆಯ ಸರದಿಯಲ್ಲಿ ಮೊಂಟೆಜುಮಾನ ಪಡೆ ಮುಂಬೈ ಬಾಗಿಲಿಗೆ ಬಂದಾಗ ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಇದ್ದ ಚಿನ್ನವನ್ನೆಲ್ಲ ಸುರಿದು ಬಿಲ್ಲುಗಾರರನ್ನು ಕೊಂಡೆ. ಊರು ಉಳಿಯಿತು, ಆದರೆ ಇಪ್ಪತ್ತು ಸರದಿಗಳ ಬೆಳವಣಿಗೆ ಹೋಯಿತು. ಎರಡನೆಯ ಬಾರಿ ಪ್ರತಿ ನಗರಕ್ಕೂ ಗೋಡೆ, ಪೂರ್ವದ ಬೆಟ್ಟದ ಸಾಲಿನಲ್ಲಿ ಮೂವರು ಬಿಲ್ಲುಗಾರರು, ಜೊತೆಗೆ ಭಾರತಕ್ಕೆ ಮಾತ್ರ ಸಿಗುವ ಯುದ್ಧದ ಆನೆಗಳು ಎರಡು. ಆನೆಗೆ ಕುದುರೆಯ ಸಂಪನ್ಮೂಲ ಬೇಕಿಲ್ಲ, ದೂರದಿಂದ ಹೊಡೆಯುತ್ತದೆ, ನೋಡಲೂ ಗಂಭೀರವಾಗಿರುತ್ತದೆ. ಅವು ಇಡೀ ಆಟದಲ್ಲಿ ಒಂದು ಬಾಣವನ್ನೂ ಬಿಡದೆ ನಿಂತಲ್ಲೇ ಮುದಿಯಾದವು, ಮತ್ತು ನನ್ನ ಲೆಕ್ಕದಲ್ಲಿ ಈ ಆಟದ ಅತ್ಯಂತ ಉಪಯುಕ್ತ ಸೈನ್ಯ ಅವೇ.

ಎರಡನೆಯ ಖರ್ಚು ಸ್ನೇಹದ್ದು. ಸ್ನೇಹದ ಘೋಷಣೆಗೆ 30 ಸರದಿಗಳ ಆಯುಷ್ಯ. ಆ ಸ್ನೇಹ ಇದ್ದರೆ ಮಾತ್ರ ಇಡಿಗಂಟಿನ ಚಿನ್ನದ ವ್ಯಾಪಾರ ಸಾಧ್ಯ, ಜಂಟಿ ಸಂಶೋಧನೆಯ ಒಪ್ಪಂದವೂ ಸಾಧ್ಯ. ಹೆಚ್ಚಾಗಿರುವ ರೇಷ್ಮೆಯನ್ನೋ ಮಸಾಲೆಯನ್ನೋ ಮಿತ್ರನಿಗೆ 240 ಚಿನ್ನಕ್ಕೆ ಮಾರಿ, ಅದೇ ಚಿನ್ನದಿಂದ ಅದೇ ಮಿತ್ರನೊಡನೆ ಸಂಶೋಧನೆಯ ಒಪ್ಪಂದ ಮಾಡಿಕೊಳ್ಳುವುದರಲ್ಲಿ ಒಂದು ಬಗೆಯ ಶೆಟ್ಟರ ಸುಖವಿದೆ. ಪೆಡ್ರೊ 60ನೆಯ ಸರದಿಯ ಸುಮಾರಿಗೆ ಸ್ನೇಹಕ್ಕೆ ಕೈ ಚಾಚಿದವನು, ಆಮೇಲೆ ಒಮ್ಮೆಯೂ ಮುನಿಸಿಕೊಳ್ಳಲಿಲ್ಲ. ಸೆಜೊಂಗ್ ತಣ್ಣಗಿದ್ದ, ಆದರೆ ಒಪ್ಪಂದಗಳಿಗೆ ಒಲ್ಲೆ ಎನ್ನಲಿಲ್ಲ. ಮೊಂಟೆಜುಮಾ ಮಾತ್ರ ಯಾರಿಗೂ ಒಗ್ಗದವನಾದ್ದರಿಂದ ಅವನ ಮೇಲೆ ಯುದ್ಧ ಸಾರುವಂತೆ ಅಲೆಕ್ಸಾಂಡರನಿಗೆ ಪ್ರತಿ ಸರದಿಗೆ ಇಷ್ಟು ಎಂದು ಚಿನ್ನ ಕೊಟ್ಟೆ. ಅವರಿಬ್ಬರೂ ನಲವತ್ತು ಸರದಿ ಕಚ್ಚಾಡಿ ಹಣ್ಣಾದರು. ಕೆಟ್ಟ ಹೆಸರು ಅಲೆಕ್ಸಾಂಡರನಿಗೆ ಹೋಯಿತು, ನಾನು ಇಬ್ಬರಿಗೂ ವ್ಯಾಪಾರಿಯಾಗಿ ಉಳಿದೆ. ಯುದ್ಧ ಸಾರುವುದಿಲ್ಲ ಎಂಬ ವ್ರತದ ಅಕ್ಷರ ಇದರಿಂದ ಕೆಡಲಿಲ್ಲ. ಅದರ ಆತ್ಮದ ವಿಷಯವನ್ನು ನಾನು ಎತ್ತುವುದಿಲ್ಲ. ಬಾಯಿ ಬೆಲ್ಲ, ಕರುಳು ಕತ್ತರಿ ಎನ್ನುವುದು ಇಂಥವರನ್ನೇ ನೋಡಿ ಹೇಳಿದ ಮಾತಿರಬೇಕು.

ಈ ಯೋಜನೆಯಲ್ಲಿ ನಾನು ಕಲಿತ ಮುಖ್ಯ ಪಾಠ, ಲೆಕ್ಕವನ್ನು ಹಿಂದಿನಿಂದ ಹಾಕಬೇಕು ಎನ್ನುವುದು. ಬಾಂಬು ಬೇಕಾದ ಸರದಿಯನ್ನು ಮೊದಲು ಗುರುತು ಮಾಡಿಕೊಂಡು ಅಲ್ಲಿಂದ ಹಿಮ್ಮುಖವಾಗಿ ನಡೆಯಬೇಕು. ನಾನು ಆಯ್ದುಕೊಂಡದ್ದು 285ರ ಆಸುಪಾಸು. ಬಾಂಬಿಗಿಂತ ಮೊದಲು ಮ್ಯಾನ್‌ಹಟನ್ ಯೋಜನೆ ಮುಗಿದಿರಬೇಕು. ಸರಣಿಯ ನಾಲ್ಕನೆಯ ಆಟದಲ್ಲಿ ಯಾರೋ ಒಬ್ಬರು ಅದನ್ನು ಮುಗಿಸಿದರೆ ಎಲ್ಲರಿಗೂ ಬಾಗಿಲು ತೆರೆಯುತ್ತಿತ್ತು. ಇಲ್ಲಿ ಪ್ರತಿಯೊಬ್ಬನೂ ತನ್ನದನ್ನು ತಾನೇ ಕಟ್ಟಿಕೊಳ್ಳಬೇಕು, ಅದು ನನ್ನಂಥವನಿಗೆ ಅನುಕೂಲ. ಮ್ಯಾನ್‌ಹಟನ್‌ಗಿಂತ ಮೊದಲು ಪರಮಾಣು ಸಿದ್ಧಾಂತ ಬೇಕು. ಯುರೇನಿಯಂ ಭೂಪಟದ ಮೇಲೆ ಕಾಣಿಸುವುದೇ ಆ ತಂತ್ರಜ್ಞಾನ ಬಂದ ಮೇಲೆ. ಅದಕ್ಕಿಂತ ಮೊದಲು ಸಂಶೋಧನಾಲಯಗಳು ಬೇಕು, ಅವು ಪ್ಲಾಸ್ಟಿಕ್ ತಂತ್ರಜ್ಞಾನದೊಡನೆ ಬರುತ್ತವೆ. ಪ್ಲಾಸ್ಟಿಕ್ ಮೊದಲೋ ಪರಮಾಣು ಸಿದ್ಧಾಂತ ಮೊದಲೋ ಎಂಬ ಪ್ರಶ್ನೆಯಲ್ಲಿ ನಾನು ಎರಡು ರಾತ್ರಿ ಕಳೆದಿದ್ದೇನೆ. ಮೊದಲ ಪ್ರಯತ್ನದಲ್ಲಿ ಆತುರಪಟ್ಟು ಬಾಂಬಿನ ಕಡೆ ಓಡಿ, ಬಾಂಬಿನ ವಿಜ್ಞಾನ ಬಂತು, ಟ್ಯಾಂಕು ಮತ್ತು ವಿಮಾನಗಳಿಗೆ ಬೇಕಾದ ವಿಜ್ಞಾನ ಹಿಂದೆ ಬಿತ್ತು. ಈ ಬಾರಿ 238ಕ್ಕೆ ಪ್ಲಾಸ್ಟಿಕ್ ಮುಗಿಸಿ, ನಾಲ್ಕೂ ನಗರಗಳಲ್ಲಿ ಸಂಶೋಧನಾಲಯ ಕೊಂಡು, ಎಂಟು ಸರದಿ ಕೈಕಟ್ಟಿ ಕುಳಿತೆ. ಮಹಾ ವಿಜ್ಞಾನಿಯೊಬ್ಬನನ್ನು ಖರ್ಚು ಮಾಡಿದಾಗ ಅವನು ಕೊಡುವುದು ಹಿಂದಿನ ಎಂಟು ಸರದಿಗಳಲ್ಲಿ ನಾವು ಗಳಿಸಿದ ವಿಜ್ಞಾನದಷ್ಟನ್ನು. ಆದ್ದರಿಂದ ಸಂಶೋಧನಾಲಯಗಳು ಎಂಟು ಸರದಿ ದುಡಿಯುವ ಮೊದಲೇ ಅವನನ್ನು ಬಳಸುವುದು ಹಸಿರುಗಾಯಿಯನ್ನು ಕೊಯ್ದಂತೆ. ಗೂಡಿನಲ್ಲಿಟ್ಟಿದ್ದ ನಾಲ್ವರು ವಿಜ್ಞಾನಿಗಳು 247ರಿಂದ ಒಬ್ಬೊಬ್ಬರಾಗಿ ಹೊರಟರು. 251ಕ್ಕೆ ಪರಮಾಣು ಸಿದ್ಧಾಂತ ಬಂತು, 262ಕ್ಕೆ ಮ್ಯಾನ್‌ಹಟನ್.

ನಡುವೆ ಸಿದ್ಧಾಂತವೊಂದನ್ನು ಆರಿಸಿಕೊಳ್ಳುವ ಘಟ್ಟ ಬರುತ್ತದೆ. ಮೂರು ಕಾರ್ಖಾನೆಗಳು ಎದ್ದರೆ ಅಥವಾ ಆಧುನಿಕ ಯುಗಕ್ಕೆ ಕಾಲಿಟ್ಟರೆ ಸ್ವಾತಂತ್ರ್ಯ, ಸುವ್ಯವಸ್ಥೆ, ನಿರಂಕುಶತೆ ಎಂಬ ಮೂರರಲ್ಲಿ ಒಂದನ್ನು ಹಿಡಿಯಬೇಕು. ಶಾಂತಿಯ ಆಟಗಾರರೆಲ್ಲ ಕಣ್ಣು ಮುಚ್ಚಿ ಸ್ವಾತಂತ್ರ್ಯವನ್ನು ಹಿಡಿಯುತ್ತಾರೆ. ನಾನು ಹಿಡಿದದ್ದು ನಿರಂಕುಶತೆಯನ್ನು, ಅದೂ ಒಂದೇ ಒಂದು ಕಾರಣಕ್ಕೆ: ಅದರ ಎರಡನೆಯ ಹಂತದ ಒಂದು ಸೂತ್ರವು ನಮ್ಮ ನೆಲದಲ್ಲಿ ಸಿಗುವ ಸೈನಿಕ ಸಂಪನ್ಮೂಲಗಳನ್ನು ಇಮ್ಮಡಿಗೊಳಿಸುತ್ತದೆ. ಒಂದು ಬಾಂಬಿಗೆ ಒಂದು ಪಾಲು ಯುರೇನಿಯಂ ಬೇಕು. ಪಾಟಲಿಪುತ್ರದ ಹಿಂದಿನ ಬೋಳುಗುಡ್ಡದಲ್ಲಿ ನನಗೆ ಸಿಕ್ಕಿದ್ದು ಎರಡು ಪಾಲು, ಸೂತ್ರದಿಂದ ಅದು ನಾಲ್ಕಾಯಿತು. ಅದೇ ಯುರೇನಿಯಂ ಅಣುವಿದ್ಯುತ್ ಸ್ಥಾವರಕ್ಕೂ ಬೇಕಾದ್ದರಿಂದ ಸ್ಥಾವರದ ಆಸೆಯನ್ನು ಮೊದಲೇ ಬಿಟ್ಟಿದ್ದೆ. ಮೊದಲು ಈ ಸಿದ್ಧಾಂತ ಹಿಡಿದವನಿಗೆ ಎರಡು ಸೂತ್ರಗಳು ಉಚಿತ. ನಾನೇ ಮೊದಲಿಗನಾದೆ, ಮತ್ತು ಕೊನೆಯವರೆಗೆ ನಾನೊಬ್ಬನೇ ಆದೆ.

ಒಬ್ಬನೇ ಆದದ್ದರ ಬೆಲೆಯನ್ನು ಪೆಡ್ರೊ ವಸೂಲು ಮಾಡಿದ. ಅವನು ಸ್ವಾತಂತ್ರ್ಯದ ಕಡೆ ಹೋದ, ಅವನ ಸಂಸ್ಕೃತಿಯ ಆಕರ್ಷಣೆ ಎಷ್ಟಿತ್ತೆಂದರೆ ನನ್ನ ಪ್ರಜೆಗಳು ದೆಹಲಿಯ ಬೀದಿಯಲ್ಲಿ ಕುಳಿತು ರಿಯೊದ ಕನಸು ಕಾಣತೊಡಗಿದರು. ಆಟ ಇದನ್ನು ಜನಾಭಿಪ್ರಾಯ ಎಂದು ಕರೆದು ನೇರವಾಗಿ ಅಸಂತೋಷದ ಅಂಕವಾಗಿ ಪರಿವರ್ತಿಸುತ್ತದೆ. ಇಲ್ಲಿ ನನ್ನನ್ನು ಉಳಿಸಿದ್ದು ಹಿಂದಿನ ಶಾಂತಿ: ಇನ್ನೂರು ಸರದಿ ಕಟ್ಟಿದ ದೇವಾಲಯಗಳು, ನಾಟಕಶಾಲೆಗಳು, ಅದ್ಭುತಗಳು, ಅವುಗಳೊಳಗಿನ ಕಲಾಕೃತಿಗಳು. ಸಂಸ್ಕೃತಿಯನ್ನು ಕಡೆಗಣಿಸಿ ವಿಜ್ಞಾನವನ್ನಷ್ಟೇ ಬೆಳೆಸಿದ್ದರೆ ಬಾಂಬು ಬರುವ ಹೊತ್ತಿಗೆ ನನ್ನ ಜನರೇ ನನ್ನ ಸಿದ್ಧಾಂತವನ್ನು ಬದಲಿಸಿಬಿಡುತ್ತಿದ್ದರು, ಯುರೇನಿಯಂ ಮತ್ತೆ ಎರಡಕ್ಕೆ ಇಳಿಯುತ್ತಿತ್ತು. ಈ ಸಂಬಂಧ ನನಗೆ ಆಡುವಾಗ ಮಾತ್ರ ಹೊಳೆಯಿತು, ಮೊದಲೇ ಯೋಚಿಸಿದ್ದೆ ಎಂದು ಹೇಳಿಕೊಳ್ಳಲಾರೆ.

ಇನ್ನೆರಡು ಪಾಲು ಯುರೇನಿಯಂ ಕಠ್ಮಂಡುವಿನಲ್ಲಿತ್ತು. ಇದು ಆಟದ ಒಂದು ನಗರ-ರಾಜ್ಯ, ಅಂದರೆ ಯಾವ ರಾಜನಿಗೂ ಸೇರದ ಒಂಟಿ ಊರು. ನಗರ-ರಾಜ್ಯಗಳು ತಮ್ಮ ಮಿತ್ರನಿಗೆ ತಮ್ಮ ಸಂಪನ್ಮೂಲಗಳನ್ನು ಕೊಡುತ್ತವೆ. ಮಿತ್ರನಾಗಲು 60 ಅಂಕದ ಪ್ರಭಾವ ಬೇಕು, ಮತ್ತು ಬೇರೆ ಯಾರ ಪ್ರಭಾವವೂ ನಮ್ಮದಕ್ಕಿಂತ ಹೆಚ್ಚಿರಬಾರದು. ಇಲ್ಲಿ ಮರಿಯಾ ತೆರೇಸಾಳ ಭಯ ಇತ್ತು. ಆಸ್ಟ್ರಿಯಾದ ವಿಶೇಷ ಗುಣ ರಾಜಕೀಯ ವಿವಾಹ: ಐದು ಸರದಿಗಳಿಂದ ತನಗೆ ಮಿತ್ರನಾಗಿರುವ ನಗರ-ರಾಜ್ಯವನ್ನು ಅವಳು ಹಣ ಕೊಟ್ಟು ಶಾಶ್ವತವಾಗಿ ತನ್ನದಾಗಿಸಿಕೊಳ್ಳಬಲ್ಲಳು. ಮೊದಲ ಪ್ರಯತ್ನದಲ್ಲಿ ಹೀಗೆಯೇ ಎರಡು ಊರುಗಳನ್ನು ಸೊಸೆ ತಂದಂತೆ ಮನೆ ತುಂಬಿಸಿಕೊಂಡಳು, ಅದರಲ್ಲೊಂದು ನನ್ನ ಎಣ್ಣೆಯ ಮೂಲವಾಗಿತ್ತು. ಆದ್ದರಿಂದ ಈ ಬಾರಿ 200ರಿಂದ ಮುಂದಕ್ಕೆ ಕಠ್ಮಂಡುವಿನ ಪ್ರಭಾವವನ್ನು 120ಕ್ಕಿಂತ ಕೆಳಗೆ ಇಳಿಯಲು ಬಿಡಲಿಲ್ಲ. ಅಲ್ಲಿ ಯುರೇನಿಯಂ ಇದೆಯೆಂದು ಆಗ ನನಗೆ ತಿಳಿದಿರಲಿಲ್ಲ. ಗಡಿಗೆ ಹತ್ತಿರದ ಊರು, ಕೈತಪ್ಪಬಾರದು ಎಂಬಷ್ಟೇ ಇತ್ತು. ಅದೃಷ್ಟವನ್ನು ಅದೃಷ್ಟ ಎಂದೇ ಬರೆಯುವುದು ಒಳ್ಳೆಯದು. ಒಟ್ಟು ಆರು ಪಾಲು, ಆರು ಬಾಂಬು, ಐದು ರಾಜಧಾನಿ.

ಈಗ ಮೊದಲ ಪ್ರಯತ್ನ ಹೇಗೆ ಕೆಟ್ಟಿತೆಂದು ಹೇಳಬೇಕು, ಏಕೆಂದರೆ ಈ ಯೋಜನೆಯ ನಿಜವಾದ ಶತ್ರು ಯಾವ ರಾಜನೂ ಅಲ್ಲ, ಅದು ವಿಶ್ವ ಮಹಾಸಭೆ. ಎಲ್ಲ ರಾಜರನ್ನೂ ಭೇಟಿಯಾಗಿ ಮುದ್ರಣಯಂತ್ರದ ತಂತ್ರಜ್ಞಾನವನ್ನು ಪಡೆದವನಿಂದ ಅದು ಸ್ಥಾಪನೆಯಾಗುತ್ತದೆ, ಮತ್ತು ಅಲ್ಲಿಂದ ಮುಂದೆ ನಿಗದಿತ ಅವಧಿಗೊಮ್ಮೆ ಕೂಡಿ ನಿರ್ಣಯಗಳನ್ನು ಮಾಡುತ್ತದೆ. ಅಂಥ ನಿರ್ಣಯಗಳಲ್ಲೊಂದು ಅಣ್ವಸ್ತ್ರ ಪ್ರಸರಣ ನಿಷೇಧ. ಅದು ಅಂಗೀಕಾರವಾದ ಮೇಲೆ ಯಾರೂ ಹೊಸ ಬಾಂಬು ಕಟ್ಟುವಂತಿಲ್ಲ. ಆ ಪ್ರಯತ್ನದಲ್ಲಿ ನನ್ನ ಮ್ಯಾನ್‌ಹಟನ್ ಮುಗಿದು ಎರಡು ಸರದಿ ಕಳೆದಿತ್ತು, ಮೊದಲ ಬಾಂಬಿಗೆ ಇನ್ನೂ ಮೂರು ಸರದಿ ಬೇಕಿತ್ತು. ಅಷ್ಟರಲ್ಲಿ ಸೆಜೊಂಗ್ ತಂದಿದ್ದ ಈ ನಿರ್ಣಯ ಮತಕ್ಕೆ ಬಂತು. ನನ್ನ ಬಳಿ ಇದ್ದ ಮತಗಳನ್ನು ನಾನು ಯಾವುದೋ ವಿಶ್ವಮೇಳದ ನಿರ್ಣಯದ ಮೇಲೆ ಹಾಕಿ ಕುಳಿತಿದ್ದೆ. ನಿರ್ಣಯ ಗೆದ್ದಿತು. ಇನ್ನೂರೆಪ್ಪತ್ತು ಸರದಿಗಳ ತಪಸ್ಸಿನ ಕೊನೆಗೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬಂತಾಯಿತು. ಹಳೆಯ ಕಡತವನ್ನು ತೆರೆದು ಹತ್ತು ಸರದಿ ಹಿಂದಕ್ಕೆ ಹೋಗಬಹುದಿತ್ತು. ಕರ್ಸರ್ ಆ ಗುಂಡಿಯವರೆಗೆ ಹೋಗಿತ್ತು ಕೂಡ. ಆದರೆ ಹಾಗೆ ಗೆದ್ದರೆ ಆಮೇಲೆ ಆ ಗೆಲುವನ್ನು ನಾನೇ ನಂಬುತ್ತಿರಲಿಲ್ಲ.

ಎರಡನೆಯ ಬಾರಿ ಮಹಾಸಭೆಯನ್ನೇ ಯೋಜನೆಯ ನಡುಗಂಬ ಮಾಡಿಕೊಂಡೆ. ಕಾಲ ಮುಂದುವರಿದಂತೆ ಪ್ರತಿ ಮಿತ್ರ ನಗರ-ರಾಜ್ಯವೂ ಸಭೆಯಲ್ಲಿ ನಮಗೆ ಮತಗಳನ್ನು ಕೊಡುತ್ತದೆ, ಹಾಗಾಗಿ ಹನ್ನೆರಡು ನಗರ-ರಾಜ್ಯಗಳಲ್ಲಿ ಏಳನ್ನು ಹಿಡಿದಿಟ್ಟೆ. ಗೂಢಚಾರರನ್ನು ಕದಿಯಲು ಕಳಿಸುವ ಬದಲು ರಾಯಭಾರಿಗಳಾಗಿ ಸಿಯೋಲಿಗೂ ಅಥೆನ್ಸಿಗೂ ಕಳಿಸಿದೆ, ಏಕೆಂದರೆ ರಾಯಭಾರಿ ಇರುವ ರಾಜಧಾನಿಯ ರಾಜನೊಡನೆ ಮತದ ವ್ಯಾಪಾರ ಮಾಡಬಹುದು. ಇದೆಲ್ಲ ಆ ನಿರ್ಣಯವನ್ನು ಸೋಲಿಸಲು ಎಂದು ಮೊದಲು ಅಂದುಕೊಂಡಿದ್ದೆ. ಆಮೇಲೆ ಒಂದು ರಾತ್ರಿ ಮಲಗಲು ಹೋಗುವಾಗ ಹೊಳೆಯಿತು: ಆ ನಿರ್ಣಯ ಹೊಸ ಬಾಂಬುಗಳನ್ನು ತಡೆಯುತ್ತದೆಯೇ ಹೊರತು ಇರುವ ಬಾಂಬುಗಳನ್ನು ಕಿತ್ತುಕೊಳ್ಳುವುದಿಲ್ಲ. ಹಾಗಿದ್ದರೆ ಅದನ್ನು ಸೋಲಿಸುವುದೇಕೆ? ನನ್ನ ಆರು ಬಾಂಬುಗಳು ಗೂಡು ಸೇರಿದ ಮೇಲೆ ನಾನೇ ಅದನ್ನು ಮಂಡಿಸಿ ಗೆಲ್ಲಿಸಿದರೆ ಬೇರೆ ಯಾರೂ, ಮುಖ್ಯವಾಗಿ ವಿಜ್ಞಾನದಲ್ಲಿ ನನ್ನ ಬೆನ್ನಿಗೇ ಇದ್ದ ಸೆಜೊಂಗ್, ಒಂದು ಬಾಂಬನ್ನೂ ಕಟ್ಟಲಾರ.

ಈ ಹಂಚಿಕೆಯ ತೊಂದರೆ ಕಾಲದ ಲೆಕ್ಕದಲ್ಲಿದೆ. ನಿರ್ಣಯವನ್ನು ಮಂಡಿಸುವುದು ಒಂದು ದಿನ, ಮತ ಬೀಳುವುದು ಹಲವು ಸರದಿಗಳ ನಂತರ. ಬಾಂಬುಗಳು ಮುಗಿಯುವ ಮೊದಲೇ ಮತ ಬಿದ್ದರೆ ನಾನು ತೋಡಿದ ಗುಂಡಿಗೆ ನಾನೇ ಬಿದ್ದಂತೆ. ಮಂಡಿಸಿದ ಸರದಿಯಲ್ಲಿ ನನ್ನ ಬಳಿ ಮೂರು ಬಾಂಬುಗಳಿದ್ದವು. ದೆಹಲಿ ಮತ್ತು ಮುಂಬೈಯ ಉಳಿದೆಲ್ಲ ಕೆಲಸ ನಿಲ್ಲಿಸಿ, ಹೊಲದ ಜನರನ್ನು ಗಣಿಗೆ ಹಾಕಿ, ಊರು ಎರಡು ಸರದಿ ಹಸಿದರೂ ಸರಿ ಎಂದು ಆರನೆಯ ಬಾಂಬನ್ನು 279ಕ್ಕೆ ಮುಗಿಸಿದೆ. 281ಕ್ಕೆ ಮತ ಬಿತ್ತು. ಸೆಜೊಂಗ್ ಬಹಳ ಸಂತೋಷದಿಂದ ನನ್ನ ಪರವಾಗಿ ಮತ ಹಾಕಿದ. ಅಣ್ವಸ್ತ್ರಗಳನ್ನು ನಿಷೇಧಿಸಿದ ಗಾಂಧಿಯ ಬಗ್ಗೆ ಉಳಿದ ರಾಜರ ಅಭಿಪ್ರಾಯ ಆ ಸರದಿಯಲ್ಲಿ ಇದ್ದಷ್ಟು ಚೆನ್ನಾಗಿ ಎಂದೂ ಇರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತೇವಲ್ಲ, ಇಲ್ಲಿ ಕೊಳ್ಳೆ ಹೊಡೆಯುವವನೇ ಒಳಗೆ ಬಂದು ಬಾಗಿಲು ಹಾಕಿಕೊಂಡಿದ್ದ.

ಸ್ನೇಹದ ಆಯುಷ್ಯ 30 ಸರದಿ ಎಂದೆನಲ್ಲ, ಅದರ ಮಹತ್ವ ಬರುವುದು ಈಗ. ಸ್ನೇಹ ಜಾರಿಯಲ್ಲಿರುವಾಗ ಯುದ್ಧ ಸಾರಿದರೆ ಬೆನ್ನಿಗೆ ಚೂರಿ ಹಾಕಿದವನೆಂಬ ಹಣೆಪಟ್ಟಿ ಬೀಳುತ್ತದೆ. ಹೇಗೂ ಎಲ್ಲರನ್ನೂ ಗೆಲ್ಲುವವನಿಗೆ ಹೆಸರಿನ ಹಂಗೇಕೆ ಎಂದು ಕೇಳಬಹುದು. ಆದರೆ ಐವರನ್ನೂ ಒಂದೇ ಸರದಿಯಲ್ಲಿ ಹೊಡೆಯುವಷ್ಟು ಸೈನ್ಯ ನನಗಿರಲಿಲ್ಲ, ಮೊದಲ ಹೊಡೆತದ ಮೇಲೆ ಉಳಿದವರು ಕೆಲವಾದರೂ ಸರದಿ ನನ್ನೊಡನೆ ವ್ಯಾಪಾರ ಮಾಡಬೇಕಿತ್ತು. ಆದ್ದರಿಂದ ಸೆಜೊಂಗ್ ಮತ್ತು ಅಲೆಕ್ಸಾಂಡರರ ಸ್ನೇಹಗಳು 287ರೊಳಗೆ ತಾವಾಗಿ ಮುಗಿಯುವಂತೆ ಮೊದಲೇ ಹೊಂದಿಸಿದ್ದೆ, ನವೀಕರಿಸಲು ಬಂದಾಗ ಸೌಜನ್ಯದಿಂದ ನಿರಾಕರಿಸಿದೆ. ತಪ್ಪಿದ್ದು ಪೆಡ್ರೊನ ವಿಷಯದಲ್ಲಿ. 278ರಲ್ಲಿ, ಮತಕ್ಕೆ ಮೂರೇ ಸರದಿ ಇದ್ದಾಗ, ಅವನು ಹಳೆಯ ಸ್ನೇಹವನ್ನು ಮತ್ತೆ ಮುಂದುವರಿಸೋಣವೆಂದು ಬಂದ. ಅವನ ಮತ ಕೈತಪ್ಪೀತೆಂಬ ಹೆದರಿಕೆಯಿಂದ ಒಪ್ಪಿದೆ. ಅಲ್ಲಿಗೆ 308ರವರೆಗೆ ರಿಯೊ ನನ್ನ ಪಟ್ಟಿಯಿಂದ ಹೊರಗಾಯಿತು.

288ನೆಯ ಸರದಿಯಲ್ಲಿ ಸಿಯೋಲಿನಿಂದ ಆರಂಭಿಸಿದೆ. ಭೂಪಟದ ಆರುಮೂಲೆಯ ಬಿಲ್ಲೆಗಳನ್ನು ಅಭ್ಯಾಸಬಲದಿಂದ ಚೌಕ ಎನ್ನುತ್ತೇನೆ; ಬಾಂಬು ಅಂಥ ಹತ್ತು ಚೌಕ ಹಾರುತ್ತದೆ, ಬಿದ್ದ ಜಾಗದಿಂದ ಎರಡು ಚೌಕ ದೂರದವರೆಗೆ ಸುಡುತ್ತದೆ. ವಿಜಯನಗರದಿಂದ ಸಿಯೋಲಿಗೆ ಒಂಬತ್ತೇ ಚೌಕ. ಬೆಟ್ಟ ನದಿ ಹುಡುಕಿ ಆ ಜಾಗವನ್ನು ಆರಿಸಿದ್ದಕ್ಕೆ ಕೊನೆಗೂ ಒಂದು ತಂತ್ರದ ಕಾರಣ ಸಿಕ್ಕಿತು. ಎರಡು ಬಾಂಬುಗಳನ್ನು ಸಿಯೋಲಿನ ಮೇಲೆಯೇ ಹಾಕಿದೆ, ಏಕೆಂದರೆ ಊರಿನ ಸುತ್ತ ಸೆಜೊಂಗನ ಪಡೆ ಚಾಪೆ ಹಾಸಿದಂತೆ ಒತ್ತಾಗಿ ನಿಂತಿತ್ತು. ಬಾಂಬು ಊರನ್ನು ಕುಗ್ಗಿಸುತ್ತದೆ, ಹಿಡಿದುಕೊಡುವುದಿಲ್ಲ. ಒಳಗೆ ಹೆಜ್ಜೆಯಿಡಲು ನೆಲದ ಸೈನ್ಯವೇ ಬೇಕು. ಹಿಂದಿನ ಐವತ್ತು ಸರದಿಗಳಲ್ಲಿ ವ್ಯಾಪಾರಕ್ಕೆಂದು ಹಾಸಿದ್ದ ರೈಲುಹಳಿಯ ಮೇಲೆ ಟ್ಯಾಂಕುಗಳು ಗಡಿಯವರೆಗೆ ಬಂದು ನಿಂತಿದ್ದವು. ಗಡಿ ತೆರೆಯುವ ಒಪ್ಪಂದ ಮಾಡಿಕೊಂಡು ಅವನ ನೆಲದೊಳಗೇ ಸೈನ್ಯ ನಿಲ್ಲಿಸಿ ಆಮೇಲೆ ಯುದ್ಧ ಸಾರುವ ಜಾಣತನ ಇಲ್ಲಿ ನಡೆಯುವುದಿಲ್ಲ, ಯುದ್ಧ ಸಾರಿದೊಡನೆ ಆಟವೇ ಅವರನ್ನು ಗಡಿಯಾಚೆ ಎತ್ತಿ ಇಡುತ್ತದೆ. ಎರಡನೆಯ ಸರದಿಗೆ ಸಿಯೋಲ್ ನನ್ನದಾಯಿತು.

ಆಮೇಲಿನದು ಸೈನ್ಯಕ್ಕಿಂತ ಹೆಚ್ಚಾಗಿ ಸಂತೋಷದ ಲೆಕ್ಕ. ಗೆದ್ದ ಪ್ರತಿ ಊರಿಗೂ 6 ಅಂಕ. ಐದು ರಾಜಧಾನಿಗೆ 30. ಒಟ್ಟು ಸಂತೋಷ ಸೊನ್ನೆಗಿಂತ ಹತ್ತು ಕೆಳಗೆ ಹೋದರೆ ನಮ್ಮ ನೆಲದಲ್ಲೇ ದಂಗೆಕೋರರು ಏಳುತ್ತಾರೆ. ಬಾಂಬಿನಿಂದ ಊರಿನ ಜನ ಕಡಿಮೆಯಾಗಿರುತ್ತಾರೆ, ಹಿಡಿದಾಗ ಉಳಿದವರು ಸುಮಾರು ಅರ್ಧವಾಗುತ್ತಾರೆ, ಅವರೂ ಭಾರತದ ಲೆಕ್ಕದಲ್ಲಿ ತಲೆಗೆ ಅರ್ಧ ಅಂಕವೇ. ಇಪ್ಪತ್ತಮೂರು ಜನರಿದ್ದ ಸಿಯೋಲ್ ನನ್ನ ಕೈಗೆ ಬಂದಾಗ ಏಳು ಜನರ ಊರಾಗಿತ್ತು. ಇದು ಅನುಕೂಲವೆಂದು ಲೆಕ್ಕದ ಹಾಳೆಯಲ್ಲಿ ಬರೆದುಕೊಂಡಾಗ ಪೆನ್ನು ಸ್ವಲ್ಪ ತಡೆಯಿತು. ನಿಜವಾದ ಮ್ಯಾನ್‌ಹಟನ್ ಯೋಜನೆಯ ಬಾಂಬುಗಳು 1945ರ ಆಗಸ್ಟ್ 6ರಂದು ಮತ್ತು 9ರಂದು ಬಿದ್ದ ಎರಡು ಊರುಗಳ ಹೆಸರು ಎಲ್ಲರಿಗೂ ಗೊತ್ತು; ಆಟ ಆ ಯೋಜನೆಯ ಹೆಸರನ್ನು ಹಾಗೆಯೇ ಇಟ್ಟುಕೊಂಡಿದೆ, ಮತ್ತು ಊರಿನ ಪಕ್ಕದ ಜನಸಂಖ್ಯೆಯ ಅಂಕಿ ಬದಲಾಗುವಾಗ ಒಂದು ಸಣ್ಣ ಸದ್ದನ್ನೂ ಮಾಡುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡಬಹುದು. ಅಥೆನ್ಸಿಗೆ ಎರಡು ಬಾಂಬು, ವಿಯೆನ್ನಾಕ್ಕೆ ಒಂದು. ಅಷ್ಟರಲ್ಲಿ ಮರಿಯಾ ತೆರೇಸಾ ಕಠ್ಮಂಡುವನ್ನು ಹಣದಿಂದ ಒಲಿಸಿಕೊಳ್ಳಲು ಹವಣಿಸುತ್ತಿದ್ದಳು, ತಡವಾಗಿತ್ತು. ಮೊಂಟೆಜುಮಾ ಹಳೆಯ ಯುದ್ಧದಿಂದ ಎಷ್ಟು ಸೊರಗಿದ್ದನೆಂದರೆ ಅವನಿಗೆ ಬಾಂಬು ವ್ಯರ್ಥವೆನಿಸಿ ಟೆನೊಚ್ಟಿಟ್ಲಾನನ್ನು ಟ್ಯಾಂಕುಗಳಿಂದಲೇ ಹಿಡಿದೆ. ಮೊದಲ ಬಾಂಬು ಬಿದ್ದಾಗಿನಿಂದ ಉಳಿದವರು ವ್ಯಾಪಾರ ನಿಲ್ಲಿಸಿದ್ದರು. ಸರದಿಗೆ 140 ಚಿನ್ನ ಬರುತ್ತಿದ್ದದ್ದು 20ಕ್ಕೆ ಇಳಿದಿತ್ತು, ಕೂಡಿಟ್ಟಿದ್ದ 3,000 ಚಿನ್ನ ಕರಗುತ್ತಿತ್ತು. ಪೆಡ್ರೊ ಒಬ್ಬ ಮಾತ್ರ ಸ್ನೇಹವನ್ನು ಮುರಿಯಲಿಲ್ಲ, ನನ್ನ ರೇಷ್ಮೆಯನ್ನು ಕೊಳ್ಳುತ್ತಲೇ ಇದ್ದ. 300ರಿಂದ 308ರವರೆಗೆ ಮಾಡಲು ಬೇರೇನೂ ಇಲ್ಲದೆ ಹಡಗುಗಳನ್ನು ದಕ್ಷಿಣದ ಕರಾವಳಿಗೆ ಸಾಗಿಸುತ್ತ, ಪ್ರತಿ ಸರದಿಯ ಕೊನೆಯ ಗುಂಡಿ ಒತ್ತುತ್ತ ಕುಳಿತೆ. ಮೂರು ಗಂಟೆಯ ಕೆಲಸ ಅದಲ್ಲ, ಆದರೆ ಅಷ್ಟು ಹೊತ್ತು ಹಿಡಿಯಿತು.

309ರಲ್ಲಿ ಒಂದು ಬಾಂಬು ಉಳಿದಿತ್ತು. ವಿಮಾನವಾಹಕ ಹಡಗಿನ ಮೇಲೆ, ರಿಯೊದಿಂದ ಆರು ಚೌಕ ದೂರದಲ್ಲಿ. ಲೆಕ್ಕದ ಪ್ರಕಾರ ಅದನ್ನು ಹಾಕಿದ್ದರೆ 310ಕ್ಕೆ ಆಟ ಮುಗಿಯುತ್ತಿತ್ತು. ಹಾಕಲಿಲ್ಲ. ಯುದ್ಧನೌಕೆಗಳಿಂದಲೂ ಬಾಂಬರ್ ವಿಮಾನಗಳಿಂದಲೂ ನಾಲ್ಕು ಸರದಿ ಹೆಚ್ಚು ಹೋರಾಡಿ, ಮೂರು ಹಡಗು ಕಳೆದುಕೊಂಡು, 314ರಲ್ಲಿ ರಿಯೊವನ್ನು ಹಿಡಿದೆ. ಇದಕ್ಕೆ ತಂತ್ರದ ಕಾರಣ ಏನೂ ಇಲ್ಲ.

ಗೆಲುವಿನ ಪರದೆ ಬಂದ ಮೇಲೆ ಆಟ ಎಂದಿನಂತೆ ಇನ್ನೊಂದೇ ಸರದಿ ಆಡುತ್ತೀರಾ ಎಂದು ಕೇಳುತ್ತದೆ. ಸಾಮಾನ್ಯವಾಗಿ ನಾನು ಅಲ್ಲಿಗೆ ಮುಚ್ಚಿಬಿಡುತ್ತೇನೆ. ಅಂದು ಒತ್ತಿದೆ. ರಾತ್ರಿ ಒಂದೂವರೆಯಾಗಿತ್ತು. ಸಿಯೋಲಿನ ಸುತ್ತ ವಿಕಿರಣದ ಬೂದಿ ಬಿದ್ದ ಚೌಕಗಳು ಹದಿಮೂರು ಇದ್ದವು, ಅಥೆನ್ಸಿನ ಬಳಿ ಹನ್ನೊಂದು. ಎಂಟು ಜನ ಕೆಲಸಗಾರರನ್ನು ರೈಲು ಹತ್ತಿಸಿ ಕಳಿಸಿ ಒಂದೊಂದೇ ಚೌಕವನ್ನು ತೊಳೆಸಲು ಹಚ್ಚಿದೆ. ಪೂರ್ತಿ ಮುಗಿಯುವ ಹೊತ್ತಿಗೆ 331ನೆಯ ಸರದಿ ಆಗಿತ್ತು. ಪೂರ್ವದ ಬೆಟ್ಟದ ಮೇಲೆ ಆ ಎರಡು ಆನೆಗಳು ಆಗಲೂ ನಿಂತೇ ಇದ್ದವು.